ಕಡೂರು ಸೀಮೆಯಲ್ಲಿ ಅಕ್ಷರ ತಿದ್ದಿದ ಬಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸರ್ಕಾರಿ ಶಾಲೆಗಳು ಬರುವ ಮೊದಲು ಮಕ್ಕಳು ಅಕ್ಷರ ಕಲಿಯುತ್ತಿದ್ದುದು, ಮೈಸೂರು ಸೀಮೆಯ ಉಳಿದ ಊರುಗಳಂತೆಯೇ, ಕೂಲಿಮಠಗಳಲ್ಲಿ. ದೇವಸ್ಥಾನದ ಪೌಳಿ, ಮಠದ ಪಡಸಾಲೆ ಇಲ್ಲವೇ ಪಾಠ ಹೇಳುವ ಐಗಳ ಮನೆಯ ಜಗಲಿಯೇ ಶಾಲೆ. ಕಲಿಸಿದ್ದಕ್ಕೆ ಹೆತ್ತವರು ಕಾಳುಕಡಿಯನ್ನೋ ದುಡ್ಡನ್ನೋ ಕೊಡುತ್ತಿದ್ದರು. ಕಲಿಕೆ ಶುರುವಾಗುತ್ತಿದ್ದುದು ಕೈಯಿಂದ. ನೆಲದ ಮೇಲೆ ಹರಡಿದ ಮರಳಿನಲ್ಲಿ ಐಗಳು ಬರೆದ ಅಕ್ಷರದ ಮೇಲೆಯೇ ಮಗು ಬೆರಳಾಡಿಸಿ ತಿದ್ದಬೇಕು. ಬೆರಳು ದಾರಿ ತಪ್ಪಿದರೆ ಐಗಳ ಕೈ ಅದನ್ನು ಹಿಡಿದು ಮತ್ತೆ ಮೊದಲಿನಿಂದ ನಡೆಸುತ್ತಿತ್ತು.

ಈ ಪದ್ಧತಿಯ ವಿವರವಾದ ದಾಖಲೆ ಉತ್ತರದ ಬಳ್ಳಾರಿ ಜಿಲ್ಲೆಯದು. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ. ಐದು ವರ್ಷ ತುಂಬಿದ ಮಗುವನ್ನು ಗಣಪತಿಯ ಮುಂದೆ ಕೂರಿಸಿ, ಅಕ್ಕಿಯಲ್ಲಿ ದೇವರ ಹೆಸರನ್ನು ಬೆರಳಿನಿಂದ ಬರೆಸುತ್ತಿದ್ದರು. ಬೆಳಗಿನ ಆರಕ್ಕೆ ಮಠ ಆರಂಭ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏಟು. ಮರಳಿನಲ್ಲಿ ಕೈ ಕುದುರಿದ ಮೇಲೆ ಮಸಿ ಬಳಿದ ಹಲಗೆ, ಆಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಾಡಿದರೆ ಕಡತವಾಯಿತು. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಹಿಂದೆ ಕಡೂರು ಜಿಲ್ಲೆಗೇ ಸೇರಿದ್ದ ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ, ಎ.ಕೆ. ಶಾಸ್ತ್ರಿ ಅವುಗಳನ್ನು ಆಯ್ದು ಪ್ರಕಟಿಸಿದ್ದಾರೆ.

ಮರಳು, ಹಲಗೆ, ಕಡತ ಮೂರರಲ್ಲೂ ತಪ್ಪನ್ನು ಒರೆಸಬಹುದು. ಕಂಟವೆಂಬ ಮೊನಚು ಲೇಖನಿಯಿಂದ ಕೊರೆಯುವ ಓಲೆಗರಿಯಲ್ಲಿ ಅದಕ್ಕೆ ಎಡೆಯಿಲ್ಲ. ನೆಟ್ಟಗೆ ಎಳೆದ ಗೆರೆಗೆ ಗರಿಯೇ ಸೀಳಬಹುದು. ಆದ್ದರಿಂದ ಗರಿ ಮುಟ್ಟುವ ಮೊದಲೇ ಕೈ ಪಳಗಿರಬೇಕಿತ್ತು. ಕಲ್ಲಿಗೂ ಇದೇ ಮಾತು. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಶಾಸನ ಕವಿ ಜನ್ನನ ರಚನೆ. ಹೊಯ್ಸಳರ ಕಾಲದ ಆ ದುಂಡನೆಯ ಅಕ್ಷರಗಳ ಹಿಂದೆ ಹೀಗೆ ತಿದ್ದಿ ಪಳಗಿದ ಕೈಗಳಿವೆ.

ಕೈ ಪಳಗುವುದೆಂದರೆ ಗೆರೆಗಳ ಕ್ರಮವೂ ಕೈಗೆ ಹತ್ತುವುದು. ಚೀನೀ ಲಿಪಿಯಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. 1997ರಲ್ಲಿ ಚೀನಾ 7,000 ಅಕ್ಷರಗಳಿಗೆ ಆ ಕ್ರಮವನ್ನು ಗೊತ್ತುಪಡಿಸಿ ಪ್ರಕಟಿಸಿತು. ಕನ್ನಡದಲ್ಲಿ ಆ ಕೆಲಸವನ್ನು ಬಾಯಿಪಾಠವೇ ಮಾಡಿತು. ‘ಕಕ್ಕೆ ತಲಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಕಕ್ಕೆ ಕೊಂಬು ಕು’ ಎಂದು ರಾಗವಾಗಿ ಹೇಳುವ ಕಾಗುಣಿತ ಬರಿಯ ಉಚ್ಚಾರಣೆಯ ಪಾಠವಲ್ಲ, ಕೈಗೆ ಕೊಡುವ ಅಪ್ಪಣೆ. ‘ಕೋ’ ಬರೆಯಲು ಮೊದಲು ಕಕಾರದ ಒಡಲು, ಅದರ ನೆತ್ತಿಗೆ ಎತ್ವ, ಬಲಕ್ಕೆ ಕೊಂಬಿನ ಇಳಿ, ಕೊನೆಗೆ ದೀರ್ಘ. ‘ಅಜ್ಜಂಪುರ’ ಬರೆಯುವ ಮಗು ಜಕಾರ ಮುಗಿಸಿ, ಕೆಳಗೆ ಒತ್ತು ಕೊಟ್ಟು, ಆಮೇಲೆ ಸೊನ್ನೆ ಇಡುತ್ತದೆ. ನಿಜವಾಗಿ ತೊಡಕಿನದು ಅರ್ಕಾವತ್ತು. ‘ಕರ್ನಾಟಕ’ ಎನ್ನುವಾಗ ನಾಲಿಗೆ ರೇಫವನ್ನು ಮೊದಲು ಹೇಳುತ್ತದೆ, ಕೈ ಮಾತ್ರ ‘ನಾ’ ಬರೆದ ಮೇಲೆಯೇ ಅದನ್ನು ಬರೆಯುತ್ತದೆ. ಇಲ್ಲಿ ಕಿವಿಯನ್ನು ನಂಬಿದರೆ ಬರಹ ತಪ್ಪುತ್ತದೆ. ಕೈಗೆ ರೂಢಿಯಾದ ಕ್ರಮವೇ ಕಾಯಬೇಕು.

ಬರಹ ಗಟ್ಟಿಯಾದ ಮೇಲೆ ಕಾವ್ಯದ ಓದು. ಮಠಗಳಲ್ಲಿ ಬಹುವಾಗಿ ಓದಿಸುತ್ತಿದ್ದ ಜೈಮಿನಿ ಭಾರತದ ಕವಿ ಲಕ್ಷ್ಮೀಶ ಕಡೂರು ತಾಲೂಕಿನ ದೇವನೂರಿನವನು. ತಮ್ಮ ಸೀಮೆಯ ಕವಿಯ ಕಾವ್ಯವೇ ಪಠ್ಯವಾಗಿದ್ದುದು ಈ ಭಾಗದ ಮಕ್ಕಳ ಭಾಗ್ಯ.

1868ರಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಮೈಸೂರು ಸಂಸ್ಥಾನದಲ್ಲಿ ಜಾರಿಗೆ ಬಂತು. ಸರ್ಕಾರಿ ಶಾಲೆ ಹಳ್ಳಿಯ ಸಮೀಪಕ್ಕೆ ಬಂದಂತೆ ಕೂಲಿಮಠಗಳು ಹಿಂದೆ ಸರಿದವು. ಮರಳಿನ ಜಾಗಕ್ಕೆ ಸ್ಲೇಟು ಬಂತು, ಅದರ ಹಿಂದೆ ಕಾಪಿ ಪುಸ್ತಕ. ತಿದ್ದಿಸುವುದು ಮಾತ್ರ ನಿಲ್ಲಲಿಲ್ಲ. ಸ್ಲೇಟಿನ ಮೇಲೆ ಮೇಷ್ಟರು ಬರೆದ ದಪ್ಪ ಅಕ್ಷರವನ್ನು ಮಕ್ಕಳು ಮತ್ತೆ ಮತ್ತೆ ತಿದ್ದಿದರು.

ದೊಡ್ಡ ಬದಲಾವಣೆ ಆದದ್ದು ಅಕ್ಷರಗಳ ಸರದಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಯುವುದು ‘ರ, ಗ, ಸ, ದ, ಅ’ ಎಂಬ ಸಾಲಿನಿಂದ. ಒಂದು ದುಂಡು, ಮೇಲೊಂದು ತಲಕಟ್ಟು ಇಷ್ಟರಲ್ಲೇ ಮುಗಿಯುವ ರಕಾರ ಎಳೆಯ ಬೆರಳಿಗೆ ಸುಲಭ; ಸುತ್ತು ಹೆಚ್ಚಿರುವ ಅಕಾರ ಐದನೆಯದು. ಈ ಸರದಿ ಸರಿಯಾದದ್ದೇ. ಅದರ ಜೊತೆಗೆ ತಲಕಟ್ಟು, ಗುಡಿಸು, ಕೊಂಬು, ಎತ್ವಗಳ ಹೆಸರು ಹೇಳಿಸಿ ಕಾಗುಣಿತ ಬರೆಸುವುದನ್ನು ಶಾಲೆಯೂ ಮನೆಯೂ ಬಿಡಬಾರದು. ಕನ್ನಡ ಬರೆಯುವ ಕ್ರಮ ಆ ಹೆಸರುಗಳಲ್ಲೇ ಇದೆ.