ಕೋಸಿ ಕಣಿವೆಯ ಬೆಂಕಿ

ದೆಹಲಿಯಲ್ಲಿ ನೆಲೆಸಿದ ನಮಗೆ ಕುಮಾವೂನ್ ಎಂದರೆ ಬೇಸಿಗೆ ರಜೆಯ ನೈನಿತಾಲ, ಅಲ್ಮೋಡಾ. ಇಲ್ಲವೇ ಜಿಮ್ ಕಾರ್ಬೆಟ್ಟನ ನರಭಕ್ಷಕ ಹುಲಿಗಳ ನಾಡು. ನಾವು ತಂಪನ್ನರಸಿ ಹೋಗುವ ತಿಂಗಳುಗಳೇ ಅಲ್ಲಿನ ಹಳ್ಳಿಗಳಿಗೆ ಕಾಡ್ಗಿಚ್ಚಿನ ತಿಂಗಳುಗಳು. ಹೊಗೆ ಕವಿದು ಹಿಮಶಿಖರಗಳು ಮರೆಯಾದಾಗ ಪ್ರವಾಸಿಗರು ಬೇಸರಪಟ್ಟುಕೊಳ್ಳುತ್ತಾರೆ. ಹಳ್ಳಿಯ ಹೆಂಗಸರು ಆ ಹೊಗೆಯ ಬುಡ ಯಾವ ದಿಕ್ಕಿನಲ್ಲಿದೆ ಎಂದು ನೋಡುತ್ತಾರೆ.

ಈ ಬೆಂಕಿಯ ಚರಿತ್ರೆ ಅರ್ಥವಾಗಬೇಕಾದರೆ ಮೊದಲು ಎರಡು ಮರಗಳ ಪರಿಚಯ ಬೇಕು. ಒಂದು ಚೀಡ್, ಅಂದರೆ ಅಲ್ಲಿನ ಪೈನ್. ಬೇಸಿಗೆಯಲ್ಲಿ ಉದುರುವ ಅದರ ಸೂಜಿಯೆಲೆಗಳಿಗೆ ಅಲ್ಲಿಯವರು ಪಿರೂಲ್ ಎನ್ನುತ್ತಾರೆ. ರಾಳ ತುಂಬಿದ ಆ ಒಣ ಹಾಸಿಗೆಗೆ ಒಂದು ಬೀಡಿಯ ಕಿಡಿ ಸಾಕು. ಹೊತ್ತಿಕೊಂಡ ಕಾಯಿಗಳು ಇಳಿಜಾರಿನಲ್ಲಿ ಉರುಳುತ್ತ ಬೆಂಕಿಯನ್ನು ಕೆಳಗಿನ ಕಾಡಿಗೂ ಒಯ್ಯುತ್ತವೆ. ಇನ್ನೊಂದು ಬಾಂಜ್, ಅಗಲ ಎಲೆಯ ಓಕ್. ಅದರ ಸೊಪ್ಪು ದನಗಳಿಗೆ ಮೇವು, ತರಗೆಲೆ ಹೊಲಕ್ಕೆ ಗೊಬ್ಬರ. ಅದರ ಬುಡದ ತೇವದ ಮಣ್ಣು ಮಳೆನೀರನ್ನು ಹಿಡಿದಿಟ್ಟುಕೊಂಡು ಊಟೆಗಳಿಗೆ ಬಿಟ್ಟುಕೊಡುತ್ತದೆ. ಹಳ್ಳಿಗೆ ಬೇಕಾದದ್ದು ಬಾಂಜ್. ಸರ್ಕಾರದ ಬೊಕ್ಕಸಕ್ಕೆ ಬೇಕಾದದ್ದು ಚೀಡ್. ಜಗಳದ ಮೂಲ ಇಷ್ಟೇ.

1893ರಲ್ಲಿ ಬ್ರಿಟಿಷ್ ಆಡಳಿತ ಅಳತೆಗೊಳಪಡದ ನೆಲವನ್ನೆಲ್ಲ ರಕ್ಷಿತಾರಣ್ಯವೆಂದು ಘೋಷಿಸಿತು. 1911ರಿಂದ 1917ರವರೆಗೆ ವಿಸ್ತಾರವಾದ ಕಾಡುಗಳನ್ನು ಕಾಯ್ದಿಟ್ಟ ಅರಣ್ಯಗಳಾಗಿ ಮಾಡಿ ಮೇಯಿಸುವುದಕ್ಕೂ ಸೊಪ್ಪು ಕಡಿಯುವುದಕ್ಕೂ ಮಿತಿ ಹೇರಿತು. ಹೊಸ ಹುಲ್ಲು ಚಿಗುರಲೆಂದು ಬೇಸಿಗೆಗೆ ಮುಂಚೆ ಪಿರೂಲ್ ಸುಡುತ್ತಿದ್ದ ರೂಢಿಯೂ ಅಪರಾಧಗಳ ಪಟ್ಟಿಗೆ ಸೇರಿತು. ರಾಳಕ್ಕಾಗಿ ಚೀಡ್ ಮರಗಳ ಮೈ ಕೊರೆಯುವ ಕೆಲಸ ಮಾತ್ರ ಭರದಿಂದ ಸಾಗಿತು.

1921ರ ಜನವರಿಯಲ್ಲಿ, ಉತ್ತರಾಯಣಿ ಜಾತ್ರೆಯ ದಿನ, ಬಾಗೇಶ್ವರದಲ್ಲಿ ಜನ ಬಿಟ್ಟಿ ದುಡಿಮೆಯ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಅದೇ ಬೇಸಿಗೆಯಲ್ಲಿ ಕಾಡುಗಳು ಉರಿದವು, ಅನೇಕ ಕಡೆ ಬೇಕೆಂದೇ ಹಚ್ಚಿದ ಬೆಂಕಿಯಿಂದ. ಅಧಿಕಾರಿಗಳ ದೃಷ್ಟಿಯಲ್ಲಿ ಅದು ಕಿಡಿಗೇಡಿತನ. ಆದರೆ ಆ ಕಾಲದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರ ರಾಮಚಂದ್ರ ಗುಹಾ ಒಂದು ಸಂಗತಿಯನ್ನು ಗುರುತಿಸಿದ್ದಾರೆ: ಸುಟ್ಟದ್ದು ಹೆಚ್ಚಾಗಿ ಸರ್ಕಾರ ಲಾಭಕ್ಕೆಂದು ಕಾಯ್ದಿಟ್ಟ ಚೀಡ್ ಕಾಡು, ಅಗಲ ಎಲೆಯ ಕಾಡುಗಳನ್ನು ಜನ ಮುಟ್ಟಲಿಲ್ಲ. ಕೋಪದಲ್ಲಿಯೂ ಅವರು ಊಟೆಗಳ ಕಾಡನ್ನು ಬಿಟ್ಟಿದ್ದರು. ನನಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಕಾಡಿನ ಯಾವ ಭಾಗ ಉರಿಯಕೂಡದು ಎಂಬ ತಿಳಿವಳಿಕೆ ಆ ಹಳ್ಳಿಗಳಿಗೆ ಯಾರೂ ಹೊರಗಿನಿಂದ ತಂದುಕೊಟ್ಟದ್ದಲ್ಲ.

ಸರ್ಕಾರ ಕಮಿಷನರ್ ಪರ್ಸಿ ವಿಂಡಮ್‌ನ ಮುಂದಾಳತ್ವದಲ್ಲಿ ಜನರ ಅಹವಾಲು ಕೇಳುವ ಸಮಿತಿಯನ್ನು ನೇಮಿಸಿತು. ವ್ಯಾಪಾರಕ್ಕೆ ಒದಗದ ಕಾಡುಗಳ ಮೇಲಿನ ನಿರ್ಬಂಧ ಸಡಿಲವಾಯಿತು. 1931ರಲ್ಲಿ ವನ ಪಂಚಾಯಿತಿಗಳ ನಿಯಮಗಳು ಬಂದವು. ಹಳ್ಳಿಯವರೇ ಪಂಚರನ್ನು ಆರಿಸಿ, ಚೌಕೀದಾರನನ್ನು ನೇಮಿಸಿ, ಸೊಪ್ಪು ತರುವ ದಿನಗಳನ್ನು ಗೊತ್ತುಮಾಡಿ, ತಪ್ಪಿದವರಿಗೆ ದಂಡ ವಿಧಿಸುವ ಏರ್ಪಾಡು ಅದು. ನಮ್ಮ ಉತ್ತರ ಕನ್ನಡದ ಅಡಿಕೆ ತೋಟಿಗರ ಸೊಪ್ಪಿನ ಬೆಟ್ಟವನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಬೆಟ್ಟದ ಹಕ್ಕು ತೋಟದ ಒಡೆಯನಿಗೆ, ಇದು ಇಡೀ ಹಳ್ಳಿಗೆ. ಇಂದು ಉತ್ತರಾಖಂಡದಲ್ಲಿ ಇಂಥ ಪಂಚಾಯಿತಿಗಳು ಹತ್ತು ಸಾವಿರಕ್ಕೂ ಮೀರಿವೆ. 1976ರ ಪರಿಷ್ಕೃತ ನಿಯಮಗಳ ನಂತರ ಅಧಿಕಾರ ಮತ್ತೆ ಇಲಾಖೆಗಳ ಕಡೆಗೆ ಜಾರಿತು. ಹೆಸರು ಉಳಿದು ಕೈ ಸೊರಗಿದ ಪಂಚಾಯಿತಿಗಳೂ ಬಹಳ.

ಅಲ್ಮೋಡಾ ಪಟ್ಟಣ ಕುಡಿಯುವುದು ಕೋಸಿ ನದಿಯ ನೀರನ್ನು. ಬಿಹಾರದ ಕೋಸಿ ಬೇರೆ. ಕೌಸಾನಿಯ ಬಳಿ ಹುಟ್ಟುವ ಈ ನದಿಯ ಹಿಂದೆ ಹಿಮನದಿಯಿಲ್ಲ. ಮಳೆ ಮತ್ತು ಊಟೆಗಳೇ ಅದರ ಆಸರೆ. ಅದಕ್ಕೆ ನೀರುಣಿಸುವ ಕಾಡುಗಳಲ್ಲಿ ಸ್ಯಾಹಿದೇವಿ–ಶೀತಲಾಖೇತದ ಕಾಡೂ ಒಂದು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಮಹಿಳಾ ಮಂಡಲಗಳು ಅದನ್ನು ಕೊಡಲಿಯಿಂದ ಕಾಯಲು ಹೊರಟವು. ಮರದ ನೇಗಿಲಿಗಾಗಿ ಅಗಲ ಎಲೆಯ ಮರಗಳೇ ಬೀಳುತ್ತಿದ್ದುದರಿಂದ ಅಲ್ಮೋಡಾದ ಕೃಷಿ ಸಂಶೋಧನಾ ಸಂಸ್ಥೆಯ ಕಬ್ಬಿಣದ ನೇಗಿಲು ಬಳಕೆಗೆ ಬಂತು. ಅದರ ಹೆಸರಿನಲ್ಲಿಯೂ ಸ್ಯಾಹಿ ಇದೆ.

ಬಳಿಕ ಅವರು ಬೆಂಕಿಯ ಮೂಲವನ್ನು ಹುಡುಕಿದರು. ಅದು ಬಹುಪಾಲು ಅವರದೇ ಹೊಲದಂಚಿನಲ್ಲಿತ್ತು. ಮಡುವಾ ಬಿತ್ತನೆಗೆ (ನಮ್ಮ ರಾಗಿಯೇ ಅಲ್ಲಿ ಮಡುವಾ) ಮುನ್ನ ಬದುವಿನ ಪೊದೆ ಸವರಿ, ರಾಶಿ ಹಾಕಿ ಸುಡುವುದು ಅಲ್ಲಿನ ಪದ್ಧತಿ. ಅದಕ್ಕೆ ಓಣ್ ಎಂದು ಹೆಸರು. ಏಪ್ರಿಲ್, ಮೇ ತಿಂಗಳ ಬಿಸಿಗಾಳಿಯಲ್ಲಿ ಆ ಕಿಡಿ ಚೀಡ್ ಕಾಡಿಗೆ ಹಾರುತ್ತಿತ್ತು. ಸುಡುವುದನ್ನು ಯಾರೂ ನಿಷೇಧಿಸಲಿಲ್ಲ. ಮಾರ್ಚ್ 31ರೊಳಗೆ, ನೆಲದಲ್ಲಿ ಇನ್ನೂ ಚಳಿಗಾಲದ ತೇವವಿರುವಾಗಲೇ, ಸುಟ್ಟು ಮುಗಿಸಬೇಕೆಂದು ಹಳ್ಳಿಗಳು ಒಪ್ಪಿಕೊಂಡವು. 2022ರಿಂದ ಏಪ್ರಿಲ್ 1 ಅಲ್ಲಿ ಓಣ್ ದಿನ.

2024ರ ಜೂನ್‌ನಲ್ಲಿ, ಅದೇ ಜಿಲ್ಲೆಯ ಬಿನ್ಸರ್ ಅಭಯಾರಣ್ಯದಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಸುಟ್ಟು ಸತ್ತರು. ಒಮ್ಮೆ ಗಾಳಿ ತಿರುಗಿದರೆ ಕಡಿದಾದ ಇಳಿಜಾರಿನಲ್ಲಿ ಓಡಲು ಜಾಗವಿರುವುದಿಲ್ಲ. ಶೀತಲಾಖೇತದ ಹೆಂಗಸರು ಇಂದಿಗೂ ಹಸಿ ಕೊಂಬೆಗಳನ್ನು ಹಿಡಿದೇ ಬೆಂಕಿಗೆ ಎದುರಾಗುತ್ತಾರೆ. ಅದಕ್ಕೇ ಅವರು ಮಾರ್ಚ್ ತಿಂಗಳಲ್ಲಿ ಮನೆಯಿಂದ ಮನೆಗೆ ಹೋಗಿ, ನಿಮ್ಮ ಬದುವಿನ ಓಣ್ ಮುಗಿಯಿತೇ ಎಂದು ಕೇಳುವುದು.