ತನ್ನನ್ನೇ ಬೈದುಕೊಂಡ ಹಾಡು

ಭಾವಗೀತೆ ಕೇಳಿ ಬೆಳೆದ ನಮ್ಮಂಥವರಿಗೆ ಇಂಡಸ್ಟ್ರಿಯಲ್ ರಾಕ್ ಅಂದರೆ ಗಿರಣಿಯ ಗದ್ದಲ. ಆದರೆ ‘ವಿಶ್’ ಎಂಬ ಹಾಡಿನ ಹಿಂದಿನ ಕಥೆ ತಿಳಿದ ಮೇಲೆ ಆ ಗದ್ದಲಕ್ಕೂ ಒಂದು ಲೆಕ್ಕವಿದೆ ಅನ್ನಿಸಿತು.

ನೈನ್ ಇಂಚ್ ನೇಲ್ಸ್ ಹೆಸರಿಗೆ ತಂಡ. ಆಗ ಅದರೊಳಗೆ ಇದ್ದವನು ಹೆಚ್ಚುಕಡಿಮೆ ಒಬ್ಬನೇ, ಟ್ರೆಂಟ್ ರೆಜ್ನರ್. 1980ರ ದಶಕದ ಕೊನೆಗೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಟುಡಿಯೋ ಒಂದರಲ್ಲಿ ಚಿಲ್ಲರೆ ಕೆಲಸಕ್ಕಿದ್ದ. ಸ್ಟುಡಿಯೋ ಖಾಲಿಯಿದ್ದಾಗ ಯಂತ್ರಗಳ ಮುಂದೆ ಕೂತು ಹಾಡು ಕಟ್ಟುತ್ತಿದ್ದ. 1989ರಲ್ಲಿ ಮೊದಲ ಆಲ್ಬಮ್ ಬಂತು. ಆಮೇಲೆ ರೆಕಾರ್ಡ್ ಕಂಪನಿಯ ಜೊತೆ ಜಗಳ. ಕಂಪನಿಗೆ ತಿಳಿಯದಂತೆ ಬೇರೆ ಹೆಸರಿನಲ್ಲಿ ಮಾಡಿದ ಹಾಡುಗಳು 1992ರಲ್ಲಿ ‘ಬ್ರೋಕನ್’ ಆಗಿ ಬಂದವು. ‘ವಿಶ್’ ಅದರಲ್ಲಿದೆ.

ಅಬ್ಬರ ಕೇಳಿದರೆ ಸಿಟ್ಟು ಕಂಪನಿಯ ಮೇಲೆ ಅಂದುಕೊಳ್ಳುತ್ತೀರಿ. ಮಾತು ಗಮನಿಸಿ ನೋಡಿ, ತನ್ನನ್ನು ಕಂಡರೇ ಹೇಸುವ, ನಂಬಲು ಏನೂ ಉಳಿಯದ ಒಂಟಿ ಮನುಷ್ಯನ ಕೂಗು ಅದು. 1993ರಲ್ಲಿ ಅದಕ್ಕೆ ಗ್ರ್ಯಾಮಿ ಸಿಕ್ಕಿತು.

ಇದು ಬರೀ ಹರೆಯದ ಹುಚ್ಚೇ? ರೆಜ್ನರ್ 1994ರಲ್ಲಿ ಅದೇ ನೋವನ್ನು ಮೆಲುದನಿಯಲ್ಲಿ ‘ಹರ್ಟ್’ ಆಗಿ ಹಾಡಿದ. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್ ಅದನ್ನೇ ಹಾಡಿದಾಗ ಅದು ಮುದುಕನ ಹಾಡೂ ಆಯಿತು. ಮಾದಕ ವ್ಯಸನದಿಂದ ಹೊರಬಂದ ರೆಜ್ನರ್ 2011ರಲ್ಲಿ ಸಿನಿಮಾ ಸಂಗೀತಕ್ಕೆ ಆಸ್ಕರ್ ಪಡೆದ.

ನಮ್ಮ ಪುಟ್ಟ ಫ್ಲ್ಯಾಟುಗಳಲ್ಲಿ ಬಾಗಿಲು ಹಾಕಿಕೊಂಡು ಮಕ್ಕಳು ಇಂಥದ್ದು ಕೇಳಿದರೆ ‘ಸೌಂಡ್ ಕಮ್ಮಿ ಮಾಡೋ’ ಅನ್ನುವುದು ಸುಲಭ. ‘ಅವನು ಏನು ಹೇಳ್ತಾ ಇದಾನೆ, ನನಗೂ ಹೇಳು’ ಅಂತ ಪಕ್ಕದಲ್ಲಿ ಕೂತು ನೋಡಿ. ಕೂಗುವವನಿಗೆ ಕೇಳುವವರು ಬೇಕು, ಅಷ್ಟೇ.