ವಾರಾನ್ನದಿಂದ ವಿದ್ಯಾರ್ಥಿವೇತನಕ್ಕೆ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಬಡ ಹುಡುಗನ ಕಾಲೇಜು ವ್ಯಾಸಂಗಕ್ಕೆ ಶುಲ್ಕದಷ್ಟೇ ದೊಡ್ಡ ತೊಡಕು ಎರಡು ಹೊತ್ತಿನ ಊಟ. ಊರು ಬಿಟ್ಟು ಬಂದವನು ದಿನಕ್ಕೊಂದರಂತೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಒಂದು ಮನೆ ತಪ್ಪಿದರೆ ಅಂದು ಉಪವಾಸ. ಇದೇ ವಾರಾನ್ನ. ಮನೆಪಾಠವೂ ಒಂದು ದಾರಿ. ವಿಶ್ವೇಶ್ವರಯ್ಯನವರು ಹಾಗೆ ಪಾಠ ಹೇಳಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು, ಅನಂತರ ಪುಣೆಯ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಸಂಸ್ಥಾನದ ವಿದ್ಯಾರ್ಥಿವೇತನ ಒದಗಿತು.

ವಾರಾನ್ನವಿಕ್ಕಿದ ತಾಯಂದಿರ ಔದಾರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಬಾಗಿಲುಗಳು ಜಾತಿ ಕೇಳಿ ತೆರೆಯುತ್ತಿದ್ದವೆಂಬುದನ್ನೂ ಮರೆಯಲಾರೆ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಹಿಂದುಳಿದವರಿಗೆ ಸರ್ಕಾರಿ ಉದ್ಯೋಗದ ಜೊತೆಗೆ ವಿದ್ಯಾರ್ಥಿವೇತನವನ್ನೂ ಶಿಫಾರಸು ಮಾಡಿತು. ಅನ್ಯರ ಜಗುಲಿಯಲ್ಲಿ ಕಾದು ಪಡೆಯುತ್ತಿದ್ದ ನೆರವನ್ನು ತಲೆಯೆತ್ತಿ ಕೇಳುವ ಕಾಲ ಹೀಗೆ ಮೊದಲಾಯಿತೆಂದು ನನ್ನ ಎಣಿಕೆ.